ರಿವೈವ್ ಆದ್ರು ಅಂದ್ರೆ ಆರಾಮ ಆದ್ರು ಅಂತಲ್ಲ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ. ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ಕಾಕತಿಯ ನಮ್ಮ ಮನೆಯಲ್ಲಿ ಅಪ್ಪ ಕುಸಿದು ಬಿದ್ದಿದ್ದರು. ಓಣಿಯವರು ಬೆಳಗಾವಿಯ ಆಸ್ಪತ್ರೆಗೆ ಒಯ್ದಿದ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಫೋನ್ ಮಾಡಿ ಇಂಗ್ಲಿಷಿನಲ್ಲಿ ಹೇಳಿದರು: 'ಹಾರ್ಟ್ ನಿಂತಿತ್ತು, ರಿಸಸಿಟೇಟ್ ಮಾಡಿದ್ದೀವಿ.'

ನಾನು ಅವ್ವನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: 'ಅಪ್ಪಾ ಆರಾಮ ಅದಾರ, ಚಿಂತಿ ಮಾಡಬ್ಯಾಡ.'

ಅವ್ವ ಅದನ್ನೇ ನಂಬಿದಳು. ಆಸ್ಪತ್ರೆಯಲ್ಲಿ ರಾತ್ರಿ ಉಳಿಯಲು ಬಂದಿದ್ದ ಮಾವನನ್ನು 'ನೀ ಹೋಗಪ್ಪಾ, ಆರಾಮ ಆಗ್ಯಾರಂತ' ಎಂದು ಊರಿಗೆ ಕಳಿಸಿಬಿಟ್ಟಳು. ನಡುರಾತ್ರಿ ಅಪ್ಪನ ಸ್ಥಿತಿ ಮತ್ತೆ ಬಿಗಡಾಯಿಸಿತು. ಆ ಹೊತ್ತಿನಲ್ಲಿ ಐಸಿಯು ಬಾಗಿಲ ಮುಂದೆ ಅವ್ವ ಒಬ್ಬಳೇ ಇದ್ದಳು. ನಾನಿನ್ನೂ ಬಸ್ಸಿನಲ್ಲಿ, ಹುಬ್ಬಳ್ಳಿಯನ್ನೂ ದಾಟಿರಲಿಲ್ಲ.

ಡಾಕ್ಟರ್ ಹೇಳಿದ್ದು ಸರಿಯಾಗೇ ಇತ್ತು. ತಪ್ಪಿದ್ದು ನನ್ನ ಅನುವಾದ.

ಏನು ಹೋಗಿತ್ತು?

ದಿನವಿಡೀ ರೀಸ್ಟಾರ್ಟ್, ರಿಸ್ಟೋರ್, ರೀಬೂಟ್ ಅನ್ನೋ ಕೆಲಸ ನನ್ನದು. ಈ ಮೂರರಲ್ಲಿ ಒಂದರ ಬದಲು ಇನ್ನೊಂದು ಒತ್ತಿದರೆ ಡೇಟಾ ಹೋಗುತ್ತೆ ಅಂತ ಗೊತ್ತು. ಮಾತಿನಲ್ಲಿ ಮಾತ್ರ ಆ ಎಚ್ಚರ ಇರಲಿಲ್ಲ. ಆಮೇಲೆ ಐಸಿಯು ಹೊರಗೆ ಕೂತ ದಿನಗಳಲ್ಲಿ ಈ ಪದಗಳನ್ನೇ ನೋಡುತ್ತಾ ಹೋದೆ. ನನಗೆ ಸಿಕ್ಕ ಉಪಾಯ ಒಂದೇ: ಹೋಗಿದ್ದು ಏನು ಅಂತ ಮೊದಲು ಕೇಳಿ, ಆಮೇಲೆ ಪದ ಆರಿಸಿ.

ಉಸಿರು, ಎದೆಬಡಿತ ನಿಂತಿದ್ದರೆ ರಿಸಸಿಟೇಟ್. ಸಿಪಿಆರ್‌ನಲ್ಲಿರುವ 'ಆರ್' ಇದೇ. ಎಚ್ಚರ ತಪ್ಪಿದವರು, ಬಾಡಿದ ಗಿಡ, ನಿಂತುಹೋದ ಜಾತ್ರೆ, ಮೂಲೆ ಸೇರಿದ ಪ್ರಾಜೆಕ್ಟ್, ಇವಕ್ಕೆಲ್ಲ ರಿವೈವ್. ಅದರ ಲ್ಯಾಟಿನ್ ಬೇರಿನ ಅರ್ಥವೇ 'ಮತ್ತೆ ಬದುಕು'. ಹರೆಯದ ಕಳೆ ಹೋಗಿದ್ದರೆ ರಿಜುವನೇಟ್. ಅದರೊಳಗೆ ಇರುವುದು 'ಯುವಕ' ಎಂಬ ಅರ್ಥದ ಲ್ಯಾಟಿನ್ ಪದ. ಬ್ಯೂಟಿ ಕ್ರೀಮಿಗೂ ಕೆರೆಗೂ ಅದನ್ನೇ ಬಳಸ್ತಾರೆ. ಮೊದಲಿನ ರೂಪ ಕೆಟ್ಟಿದ್ದರೆ ರಿಸ್ಟೋರ್: ಹಳೇ ಗುಡಿ, ಫೋನಿನ ಬ್ಯಾಕಪ್. ಜೀವ ಇದೆ, ಕಸುವಿಲ್ಲ ಅಂದ್ರೆ ರಿವೈಟಲೈಜ್: ಮಂಕಾದ ಮಾರ್ಕೆಟ್, ಸೋತ ಟೀಮ್. ಬರೀ ದಣಿವಾಗಿದ್ದರೆ ರಿಫ್ರೆಶ್, ಅದಕ್ಕೆ ಒಂದು ಚಹಾ ಸಾಕು. ರೀಕಿಂಡಲ್ ಅಂದ್ರೆ ಆರಿದ ಬೆಂಕಿ ಮತ್ತೆ ಹೊತ್ತಿಸೋದು. ಬೂದಿ ಸರಿಸಿ ಕೆಂಡ ಊದುತ್ತಿದ್ದ ಅಜ್ಜಿಯನ್ನು ನೆನೆದರೆ ಸಾಕು, ಹಳೇ ಸ್ನೇಹಕ್ಕೆ ಆ ಪದ ಯಾಕೆ ಒಪ್ಪುತ್ತೆ ಅಂತ ತಿಳಿಯುತ್ತೆ.

ನಮ್ಮ 'ಕೊಳ್ಳು'

ನಾನು ಎಡವಿದ್ದು ರಿಸಸಿಟೇಟ್ ಮತ್ತು ರಿಕವರ್ ನಡುವೆ. ಮೊದಲನೆಯದನ್ನು ಬೇರೆಯವರು ಮಾಡುತ್ತಾರೆ, ಕೆಲವು ನಿಮಿಷಗಳ ಕೆಲಸ. ಎರಡನೆಯದು ರೋಗಿಯ ಮೈಯೇ ಮಾಡಬೇಕಾದದ್ದು, ತಿಂಗಳುಗಳೇ ಬೇಕು.

ಇದನ್ನು ಹೇಳಲು ಕನ್ನಡದಲ್ಲಿ ಪದ ಇಲ್ಲವಾ? ಇದೆ. 'ಬದುಕಿಸಿದರು' ಅಂದರೆ ಇನ್ನೊಬ್ಬರು ಮಾಡಿದ್ದು. 'ಚೇತರಿಸಿಕೊಂಡರು' ಅಂದರೆ ತಾವೇ. ನಡುವಿನ ಆ 'ಕೊಂಡರು'ದಲ್ಲೇ ವ್ಯತ್ಯಾಸವೆಲ್ಲ ಇದೆ. 'ಡಾಕ್ಟರ್ ಉಳಿಸ್ಯಾರ, ಆದ್ರ ಇನ್ನೂ ಚೇತರಿಸಿಕೊಂಡಿಲ್ಲ' ಅಂತ ಹೇಳಿದ್ದರೆ ಅವ್ವ ಮಾವನನ್ನು ಕಳಿಸುತ್ತಿರಲಿಲ್ಲ.

ಅಪ್ಪ ಮನೆಗೆ ಬಂದರು. ಮೊದಲು ಪಡಸಾಲೆಯವರೆಗೆ, ಆಮೇಲೆ ಓಣಿಯ ತುದಿವರೆಗೆ ನಡೆದರು. ಮೂರು ತಿಂಗಳ ನಂತರ ಒಮ್ಮೆ ಚೆಕಪ್ಪಿಗೆ ಹೋದಾಗ, ಟಿಳಕವಾಡಿಯ ಕಾಂಗ್ರೆಸ್ ಬಾವಿ ನೋಡೋಣ ಅಂದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ ಬಾವಿ ಅದು. ನಲ್ಲಿ ಬಂದ ಮೇಲೆ ನಗರದ ಇಂಥ ಎಷ್ಟೋ ಬಾವಿಗಳನ್ನು ಜನ ಮರೆತರು. 1990ರ ದಶಕದಲ್ಲಿ ನೀರಿಗೆ ತತ್ವಾರವಾದಾಗ ಪಾಲಿಕೆ ಹೂಳು ತೆಗೆಸಿ ಹಳೇ ಬಾವಿಗಳನ್ನು ಮತ್ತೆ ಬಳಕೆಗೆ ತಂದಿತು.

ಅಪ್ಪ ಬಗ್ಗಿ ನೋಡಿ ಅಂದರು: 'ಹೂಳ ತಗದಾರ, ಖರೆ. ಆದ್ರ ನೀರು ಸೆಲಿಯಿಂದನs ಬರಬೇಕಲ್ಲ.'

ಮನೆಗೆ ಬಂದಾಗ ಅವ್ವ ನನ್ನನ್ನೇ ಕೇಳಿದಳು, 'ಡಾಕ್ಟರ್ ಏನಂದ್ರು? ಅವರು ಅಂದಂಗs ಹೇಳು.' ಈಗಲೂ ಪ್ರತಿ ಚೆಕಪ್ ಆದ ಮೇಲೆ ಹಾಗೇ ಕೇಳುತ್ತಾಳೆ. ನಾನೂ ಅವಸರ ಮಾಡದೆ, ಒಂದೊಂದೇ ಮಾತು ಬಿಡಿಸಿ ಹೇಳುತ್ತೇನೆ.

ನಿಮ್ಮ ಮನೆಯಲ್ಲೂ ಡಾಕ್ಟರ ಇಂಗ್ಲಿಷನ್ನು ಕನ್ನಡಕ್ಕೆ ತರುವವರು ನೀವೇ ಆಗಿದ್ದರೆ, 'ಆರಾಮ' ಅನ್ನೋ ಮುಂಚೆ ಒಂದು ಪ್ರಶ್ನೆ ಕೇಳಿಬಿಡಿ: 'ಬದುಕಿಸಿದ್ದೀರಾ, ಚೇತರಿಸಿಕೊಂಡಿದ್ದಾರಾ?'