ಬಾವಿಯಲ್ಲಿ ನೀರಿದೆಯೇ?

ಲ್ಯಾಟಿನ್ ಕಲಿಯಹೊರಟವರು ಪದಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರಶ್ನೋತ್ತರದಿಂದ ಆರಂಭಿಸುವುದು ಲೇಸೆಂದು ನಾನು ಭಾವಿಸುತ್ತೇನೆ. ರಾಯಬಾಗ ತಾಲೂಕಿನ ಪಾಲಬಾವಿಯ ಹೆಸರಿನಲ್ಲೇ ಬಾವಿಯಿದೆ, ಅದನ್ನೇ ಪಾಠವಾಗಿಸೋಣ. 'ಆಕ್ವಾ' ಎಂದರೆ ನೀರು. 'ಪುತೆಯುಸ್' ಎಂದರೆ ಬಾವಿ. 'ಇನ್ ಪುತೆಯೋ' ಎಂದರೆ ಬಾವಿಯಲ್ಲಿ.

"ಎಸ್ತ್‌ನೆ ಆಕ್ವಾ ಇನ್ ಪುತೆಯೋ?"

"ಎಸ್ತ್."

ಇಲ್ಲಿ 'ಎಸ್ತ್' ಎಂದರೆ ಇದೆ. 'ನೆ' ಪ್ರಶ್ನೆಯ ಪ್ರತ್ಯಯ. 'ಹೌದು' ಎನ್ನುವ ಬದಲು ಕ್ರಿಯಾಪದವನ್ನೇ ಮರಳಿ ನುಡಿಯುವುದು ಲ್ಯಾಟಿನ್ನಿನ ರೂಢಿ. ನಮ್ಮ ಕಡೆಯವರೂ "ಬಾವ್ಯಾಗ ನೀರ ಐತೇನು?" ಎಂದು ಕೇಳಿದರೆ "ಐತಿ" ಎಂದೇ ಉತ್ತರಿಸುತ್ತಾರೆ. 'ಎಸ್ತ್' ಸಂಸ್ಕೃತದ 'ಅಸ್ತಿ'ಗೆ ದಾಯಾದಿ. ಕನ್ನಡವಾದರೋ ದ್ರಾವಿಡ ಕುಲದ್ದು. ಕುಲ ಬೇರೆಯಾದರೂ ಕೇಳುವ, ಹೇಳುವ ರೀತಿ ಇಲ್ಲಿ ಒಂದೇ. ಆದ್ದರಿಂದ ಹಳ್ಳಿಯ ಆಡುಮಾತು ಪರಭಾಷೆಯ ಕಲಿಕೆಗೆ ಅಡ್ಡಿಯೆಂದು ಮಕ್ಕಳನ್ನು ನಾಚಿಸಬಾರದು. ಅದನ್ನೇ ಆಧಾರವಾಗಿ ಹಿಡಿದು ಕಲಿಸಬೇಕು.