ಮೈಸೂರಿನ ವಿಶ್ವವಿದ್ಯಾನಿಲಯವೂ ಅದರ ವೈದ್ಯಕೀಯ ಕಾಲೇಜೂ

ಕಳೆದ ಯುಗಾದಿಯಂದು ಪುಣೆಯಲ್ಲಿರುವ ನಮ್ಮ ಸಂಘದ ಹಿರಿಯ ಸದಸ್ಯರೂ ವೈದ್ಯರೂ ಆದ ಒಬ್ಬರ ಮನೆಗೆ ಹೋಗಿದ್ದೆವು. ಒಬ್ಬಟ್ಟಿನ ಊಟವಾದ ಮೇಲೆ ಅವರು ಗೋಡೆಯ ಮೇಲಿನ ಎರಡು ಪದವಿಪತ್ರಗಳನ್ನು ತೋರಿಸಿದರು. ಒಂದು ಅವರದೇ, 1963ರದು, ಮೈಸೂರು ವಿಶ್ವವಿದ್ಯಾನಿಲಯದ್ದು. ಇನ್ನೊಂದು ಮೊಮ್ಮಗಳದು. ಓದಿದ್ದು ಅದೇ ಕಾಲೇಜಿನಲ್ಲಿ. ಆದರೆ ಪದವಿ ಕೊಟ್ಟದ್ದು ಬೇರೆ ವಿಶ್ವವಿದ್ಯಾನಿಲಯ. "ಬಂದವರೆಲ್ಲ ಕೇಳುತ್ತಾರೆ, ಹೇಳಿ ಹೇಳಿ ಸಾಕಾಯಿತು. ನೀವೇ ಪತ್ರಿಕೆಯಲ್ಲಿ ಬರೆದುಬಿಡಿ," ಎಂದರು. ಆದುದರಿಂದ ಈ ಲೇಖನ.

ಮೈಸೂರು ಸಂಸ್ಥಾನಕ್ಕೆ ಮೊದಲು ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸಿಗೆ ಸೇರಿದ್ದುವು. ವೈದ್ಯ ಪದವಿ ಬೇಕೆಂದರೆ ಮದರಾಸಿಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಮನಸ್ಸು ಮಾಡಿದ್ದರಿಂದ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ಅದೇ ಮೊದಲನೆಯದು. ಮಹಾರಾಜರು ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಹೊಸ ಸಂಸ್ಥೆಯ ಒಂದು ಕಾಲು ಮೈಸೂರಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಇದ್ದಿತೆನ್ನಬಹುದು: ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳು ಅಲ್ಲಿ, ವಿಜ್ಞಾನ ಇಲ್ಲಿ.

ವೈದ್ಯ ಶಿಕ್ಷಣದ ಮೊದಲ ಹೆಜ್ಜೆಯೂ ಬೆಂಗಳೂರಿನಲ್ಲೇ ಬಿದ್ದಿತು. 1917ರ ಸುಮಾರಿಗೆ ಅಲ್ಲಿ ಎಲ್.ಎಂ.ಪಿ. ಎಂಬ ಚಿಕ್ಕ ವೈದ್ಯ ಪರೀಕ್ಷೆಗೆ ಶಾಲೆಯೊಂದು ಆರಂಭವಾಯಿತು. ನಮ್ಮ ಅಜ್ಜಂದಿರು 'ಎಲ್ಲೆಂಪಿ ಡಾಕ್ಟರು' ಎಂದು ಗೌರವದಿಂದ ಹೇಳುತ್ತಿದ್ದುದು ಇಂಥವರನ್ನೇ. ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದಾಗ, 1924ರಲ್ಲಿ, ಪೂರ್ಣ ಪದವಿಯ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ತೆರೆಯಿತು. ಇಂದಿನ ಕರ್ನಾಟಕದ ಮೊದಲ ವೈದ್ಯಕೀಯ ಕಾಲೇಜು ಇದೇ. 1930ರಲ್ಲಿ ಅದು ಮೈಸೂರಿಗೆ ಬಂದಿತು.

ಕಾಲೇಜೊಂದು ಊರು ಬದಲಿಸುವುದು ಸಾಮಾನ್ಯದ ಮಾತಲ್ಲ. ಆದರೆ ವೈದ್ಯಕೀಯ ಕಾಲೇಜಿಗೆ ಗೋಡೆ, ಬೆಂಚುಗಳು ಸಾಲವು, ರೋಗಿಗಳು ಬೇಕು. ಆ ಹೊತ್ತಿಗೆ ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ ಎದ್ದು ನಿಂತಿದ್ದಿತು. ಹೆಂಗಸರಿಗೂ ಮಕ್ಕಳಿಗೂ ಚೆಲುವಾಂಬಾ ಆಸ್ಪತ್ರೆ, ಕ್ಷಯರೋಗಿಗಳಿಗೆ ಮಹಾರಾಜರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ. ಇಂದಿಗೂ ಈ ಮೂರೂ ಆ ಕಾಲೇಜಿನ ಬೋಧನಾ ಆಸ್ಪತ್ರೆಗಳೇ.

ಧಾರವಾಡದ ಕಡೆಯ ವಾಚಕರು ಮುನಿಯಬಾರದು. ಅವರ ಹಿರಿಯರ ಪದವಿಗಳು ಮುಂಬಯಿಯವು. ಕರ್ನಾಟಕ ವಿಶ್ವವಿದ್ಯಾನಿಲಯವಂತೂ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ, ಮರುವರ್ಷ ಧಾರವಾಡದ ಮನೆ ಸೇರಿತು; ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ. ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯುವೆವು.

ಈಗ ಗೋಡೆಯ ಪ್ರಶ್ನೆಗೆ ಬರೋಣ. ಕೂಡುಕುಟುಂಬ ಪಾಲಾಗುವಂತೆ ಮೈಸೂರು ವಿಶ್ವವಿದ್ಯಾನಿಲಯವೂ ಪಾಲಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಗಿ ಸೆಂಟ್ರಲ್ ಕಾಲೇಜು ಅದರ ಪಾಲಿಗೆ ಹೋಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. 1996ರಲ್ಲಿ ರಾಜ್ಯದ ವೈದ್ಯ ಶಿಕ್ಷಣಕ್ಕೆಂದೇ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಆರಂಭವಾಯಿತು. ಮೈಸೂರಿನ ವೈದ್ಯಕೀಯ ಕಾಲೇಜು ಅದರ ವ್ಯಾಪ್ತಿಗೆ ಸೇರಿತು. ಹೀಗೆ ಪಠ್ಯಕ್ರಮ, ಪರೀಕ್ಷೆ, ಪದವಿ ಬೆಂಗಳೂರಿನವು; ಪಾಠ, ವಾರ್ಡು, ರೋಗಿ ಮೈಸೂರಿನವು. ಕುಲಾಧಿಪತಿಗಳ ಪೀಠದಲ್ಲಿ ಮಹಾರಾಜರ ಬದಲು ರಾಜ್ಯಪಾಲರು ಬಂದು ಬಹಳ ಕಾಲವಾಯಿತು. ವ್ಯವಸ್ಥೆಗೆ ಇದರಿಂದ ಅನುಕೂಲವಿದ್ದೀತು. ಆದರೂ ಸಾಹಿತ್ಯ ಓದುವವನೂ ಶಸ್ತ್ರಚಿಕಿತ್ಸೆ ಕಲಿಯುವವನೂ ಒಂದೇ ಘಟಿಕೋತ್ಸವದಲ್ಲಿ ಪದವಿ ಪಡೆಯುತ್ತಿದ್ದ ಕಾಲ ಹೋಯಿತಲ್ಲ ಎಂದು ನಮಗೆ ಸ್ವಲ್ಪ ವ್ಯಥೆಯಾಗುತ್ತದೆ.

ಮೊಮ್ಮಗಳ ಮಾತನ್ನು ಹೇಳದಿದ್ದರೆ ಲೇಖನ ಅರ್ಧವಾದೀತು. ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಖಿಲ ಭಾರತ ಕೋಟಾದ ಶೇಕಡ 15 ಸೀಟುಗಳಲ್ಲಿ ಒಂದು ದೊರೆತು ಮೈಸೂರಿಗೆ ಹೋದಳು. ಪುಸ್ತಕವೆಲ್ಲ ಇಂಗ್ಲಿಷ್, ಭಯವಿರಲಿಲ್ಲ. ಭಯ ಬಂದದ್ದು ವಾರ್ಡಿನಲ್ಲಿ. ನಂಜನಗೂಡಿನ ಕಡೆಯ ಅಜ್ಜಿಯೊಬ್ಬಳು, "ಹೊಟ್ಟೆ ತೊಳಸ್ತದೆ ಕವ್ವಾ, ತಲೆ ಗಿರ್ ಅಂತದೆ," ಎಂದಳಂತೆ. ಮನೆಯಲ್ಲಿ 'ಊಟ ಆಯ್ತಾ, ಸ್ನಾನ ಆಯ್ತಾ' ಎನ್ನುವಷ್ಟು ಕನ್ನಡ ಬಲ್ಲವಳಿಗೆ ತೊಳಸುವುದಕ್ಕೂ ನುಲಿಯುವುದಕ್ಕೂ ಭೇದ ತಿಳಿಯಲಿಲ್ಲ. ನೋವೆಂದು ಬರೆದುಕೊಂಡಳು, ಗುರುಗಳು ತಿದ್ದಿದರು. ಅಂದು ರಾತ್ರಿ ತಾತನಿಗೆ ಫೋನು. ಮುಂದೆ ಎರಡು ವರ್ಷ ದಿನಕ್ಕೊಂದು ಮಾತಿನಂತೆ ತಾತ ಹೇಳಿಕೊಟ್ಟರು: ಏದುಸಿರು, ಜೋಮು, ಬಾವು, ಕೀವು, ಮುಟ್ಟು, ಬಸಿರು, ಬಾಣಂತನ. ಆ ನೋಟುಪುಸ್ತಕವನ್ನೂ ನಾವು ನೋಡಿದೆವು. ಮೊದಲ ಪುಟಗಳು ದೇವನಾಗರಿಯಲ್ಲಿವೆ. ಅರ್ಧದಿಂದಾಚೆಗೆ ಕನ್ನಡ ಲಿಪಿಯಲ್ಲಿ.

ಕರ್ನಾಟಕದಲ್ಲಿ ಮಕ್ಕಳನ್ನು ಓದಿಸಬೇಕೆಂದಿರುವ ತಂದೆತಾಯಿಗಳಿಗೆ ಒಂದು ಸೂಚನೆ: ಅಲ್ಲಿಯ ಪರೀಕ್ಷಾ ಪ್ರಾಧಿಕಾರವು ಸಿಇಟಿಯ ವೇಳೆಗೆ ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಯಾವ ಶಿಕ್ಷಣಕ್ಕೆ ಯಾವ ನಿಯಮವೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಈಗ ಆ ಮೊಮ್ಮಗಳೇ ಆಗಾಗ್ಗೆ ಬಂದು ಪಾಠ ಹೇಳುತ್ತಾಳೆ.