ಪರ್ವತವೇರುವ ಸೈಕಲ್ಲಿಗೆ ಅರ್ಧಬಲದ ನಿಯಮ



ಕಳೆದ ವರ್ಷದ ಮಾಘಮಾಸದ ಒಂದು ಸಂಜೆ ಕಮಲಾಪುರದ ದಂಪತಿಗಳು ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಇಬ್ಬರೂ ಶ್ರೀಮಠದ ಭಕ್ತರು. ಪತಿ ಶಾಲಾ ಶಿಕ್ಷಕರು, ವಯಸ್ಸು 44. ಮೂರು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಸೈಕಲ್ ತುಳಿಯುವ ಅಭ್ಯಾಸವಿಟ್ಟುಕೊಂಡವರು. ಭೂತಾನ ದೇಶದಲ್ಲಿ ನಡೆಯುವ ಪರ್ವತ ಸೈಕಲ್ ಸ್ಪರ್ಧೆಯಲ್ಲಿ ಅದೇ ವರ್ಷ ಭಾಗವಹಿಸಬೇಕೆಂಬುದು ಅವರ ಬಯಕೆ. ಅವರು ಬಲವರ್ಧಕ ಔಷಧಿಯನ್ನು ಕೇಳಲು ಬಂದಿದ್ದರು. ಅವರ ಪತ್ನಿ ಬಂದ ಕಾರಣವೇ ಬೇರೆ. "ಡಾಕ್ಟರ್ ಸಾಹೇಬ್ರೇ, ನೀವಾದ್ರೂ ಇವರಿಗೆ ಬ್ಯಾಡ ಅಂತ ಹೇಳ್ರಿ" ಎಂದು ಆ ತಾಯಿ ಕೈಮುಗಿದರು.

ನಾನು ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೊದಲು ರಕ್ತದೊತ್ತಡ ನೋಡಿದೆ. 150ಕ್ಕೆ 96 ಇತ್ತು. ಒಂದು ವಾರದ ಅಂತರದಲ್ಲಿ ಮತ್ತೆರಡು ಬಾರಿ ನೋಡಿದಾಗಲೂ ಇಳಿದಿರಲಿಲ್ಲ. ತಲೆನೋವಿಲ್ಲ, ಆಯಾಸವಿಲ್ಲ, ಯಾವ ತೊಂದರೆಯೂ ಅವರಿಗೆ ಗೊತ್ತಾಗಿರಲಿಲ್ಲ. ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿ, "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಎಂದೆ. ಗುರುಗಳಿಗೆ ಬಹಳ ಬೇಸರವಾಯಿತು. ಎರಡು ತಿಂಗಳು ಇತ್ತ ಬರಲೇ ಇಲ್ಲ. ಯುಗಾದಿಯ ನಂತರ ತಾವಾಗಿಯೇ ಬಂದು, "ಹಾಗಾದರೆ ಮುಂದಿನ ವರ್ಷಕ್ಕೆ ಏನು ಮಾಡಬೇಕು, ಹೇಳಿರಿ" ಎಂದರು. ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಸೈಕಲ್ ತುಳಿಯುವ ತರುಣರಿಗೆ ಮಾತ್ರವಲ್ಲ, ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಿಗೂ ಇದು ಉಪಯೋಗಕ್ಕೆ ಬಂದೀತು.

ಸ್ಪರ್ಧೆಯ ಸ್ವರೂಪ

ಈ ಸ್ಪರ್ಧೆಯ ಹೆಸರು 'ಟೂರ್ ಆಫ್ ದಿ ಡ್ರ್ಯಾಗನ್'. ಭೂತಾನ ಒಲಿಂಪಿಕ್ ಸಮಿತಿಯ ಆಶ್ರಯದಲ್ಲಿ 2010ರಲ್ಲಿ ಆರಂಭವಾಯಿತು. ಬುಮ್‌ತಾಂಗ್‌ನಿಂದ ರಾಜಧಾನಿ ಥಿಂಫುವರೆಗೆ 268 ಕಿ.ಮೀ. ದಾರಿಯನ್ನು ಒಂದೇ ದಿನದಲ್ಲಿ ಕ್ರಮಿಸಬೇಕು. ನಸುಕಿನ 2 ಗಂಟೆಗೆ, ಕತ್ತಲಲ್ಲಿಯೇ ಹೊರಡುತ್ತಾರೆ. ದಾರಿಯಲ್ಲಿ ಕಿಕಿ ಲಾ, ಯೋತೋಂಗ್ ಲಾ, ಪೆಲೆ ಲಾ, ದೋಚು ಲಾ ಎಂಬ ನಾಲ್ಕು ಕಣಿವೆಮಾರ್ಗಗಳಿವೆ. 'ಲಾ' ಎಂದರೆ ಪರ್ವತವನ್ನು ದಾಟುವ ಸ್ಥಳ. ಇವುಗಳಲ್ಲಿ ಎತ್ತರವಾದ ಯೋತೋಂಗ್ ಲಾ ಸಮುದ್ರಮಟ್ಟದಿಂದ ಸುಮಾರು 3,430 ಮೀಟರ್ ಮೇಲಿದೆ. ಕಿಕಿ ಲಾ ಎಲ್ಲಕ್ಕಿಂತ ತಗ್ಗಿನದು, ಆದರೂ ಸುಮಾರು 2,870 ಮೀಟರ್. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ.

ಇಡೀ ದಾರಿಯ ಏರನ್ನು ಕೂಡಿಸಿದರೆ ಸುಮಾರು 3,790 ಮೀಟರ್ ಆಗುತ್ತದೆ. ನಮ್ಮ ಭಾಗದಲ್ಲಿ 50 ಮೀಟರ್ ಎತ್ತರದ ಒಂದು ದಿನ್ನೆ ಇದೆಯೆಂದು ಭಾವಿಸಿರಿ. ಅದನ್ನು ಒಂದೇ ದಿನದಲ್ಲಿ 76 ಬಾರಿ ಹತ್ತಿದರೆ ಈ ಲೆಕ್ಕ ಸರಿಹೋಗುತ್ತದೆ. ಕೊನೆಯ ದೋಚು ಲಾ ಏರು ಬಹಳ ಕಠಿಣವಾದುದು. ದಿನವಿಡೀ ತುಳಿದು ದಣಿದ ಮೇಲೆ, ಸುಮಾರು 1,200 ಮೀಟರ್ ಎತ್ತರದ ಬೆಚ್ಚನೆಯ ತಗ್ಗಿನಿಂದ ಆರಂಭಿಸಿ 38 ಕಿ.ಮೀ.ವರೆಗೆ ಬಿಡುವಿಲ್ಲದೆ ಏರಬೇಕು. ಎಲ್ಲ ಬಲವನ್ನು ಮೊದಲೇ ಖರ್ಚು ಮಾಡಿದವನು ಇಲ್ಲಿ ನಿಂತುಹೋಗುತ್ತಾನೆ.

ಅರ್ಧಬಲ ಎಂದರೇನು?

ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದಾಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಮಿತಿಮೀರಿ ಸಾಹಸ ಮಾಡುವವನನ್ನು ಆಚಾರ್ಯರು ಆನೆಯನ್ನು ಎಳೆಯಹೋಗಿ ತಾನೇ ನಾಶವಾಗುವ ಸಿಂಹಕ್ಕೆ ಹೋಲಿಸಿದ್ದಾರೆ. ಸಿಂಹಕ್ಕೆ ಬಲ ಕಡಿಮೆಯೆಂದು ಈ ಮಾತಿನ ಅರ್ಥವಲ್ಲ. ಬಲವಂತರಿಗೇ ಈ ಅಪಾಯ ಹೆಚ್ಚು.

'268 ಕಿ.ಮೀ. ತುಳಿಯುವವನಿಗೆ ಅರ್ಧಬಲ ಹೇಗೆ ಸಾಕು?' ಎಂದು ಗುರುಗಳು ಕೇಳಿದರು. ಬಲವು ಸ್ಥಿರವಾದ ವಸ್ತುವಲ್ಲ. ಇಂದಿನ ಅರ್ಧವನ್ನು ನಿತ್ಯ ಸರಿಯಾಗಿ ಬಳಸಿ, ಉಂಡು, ಮಲಗಿದರೆ ಆರು ತಿಂಗಳಲ್ಲಿ ಪೂರ್ಣವೇ ಬೆಳೆಯುತ್ತದೆ. ಆಗ ಅದರ ಅರ್ಧವೂ ದೊಡ್ಡದಾಗಿರುತ್ತದೆ. ತುಳಿಯುವಾಗ ಸ್ನಾಯು ಬಳಲುತ್ತದೆ. ಅದು ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ, ನಿದ್ರೆಯಲ್ಲಿ. ನಿದ್ರೆಯನ್ನು ಕಡಿತಗೊಳಿಸಿ ತಾಲೀಮು ಹೆಚ್ಚಿಸುವವನು ಬಿತ್ತಿದ ಬೀಜವನ್ನು ದಿನವೂ ಕಿತ್ತು ನೋಡುವ ರೈತನಂತೆ.

ಅರ್ಧಬಲವನ್ನು ಅಳೆಯಲು ಸುಲಭವಾದ ಒಂದು ಉಪಾಯವಿದೆ. ಏರಿನಲ್ಲಿ ತುಳಿಯುತ್ತಿರುವಾಗ ಜೊತೆಗಾರನೊಡನೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಮಾತಿಗೇ ಉಸಿರು ಕಡಿಯುತ್ತಿದ್ದರೆ ಗೇರ್ ಇಳಿಸಿ ನಿಧಾನಿಸಬೇಕು. ಬೆಳಗ್ಗೆ ಹಾಸಿಗೆಯಲ್ಲಿರುವಾಗಲೇ ಒಂದು ನಿಮಿಷ ನಾಡಿಯನ್ನು ಎಣಿಸಿ ಬರೆದಿಡಿರಿ. ನಿತ್ಯಕ್ಕಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ಅಂದು ಸೈಕಲ್ ಮುಟ್ಟಬಾರದು.

ನಮ್ಮ ಋತುಗಳಿಗೆ ತಕ್ಕ ಯೋಜನೆ

ಸ್ಪರ್ಧೆ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುತ್ತ ಬಂದಿದೆ. ಆದ್ದರಿಂದ ದೀಪಾವಳಿಗೆ ತಾಲೀಮು ಆರಂಭಿಸಬೇಕು. ಹೇಮಂತ, ಶಿಶಿರ, ವಸಂತ ಋತುಗಳು ವ್ಯಾಯಾಮಕ್ಕೆ ಪ್ರಶಸ್ತವೆಂದು ಶಾಸ್ತ್ರ ಹೇಳುತ್ತದೆ. ಉಳಿದ ಕಾಲದಲ್ಲಿ ಮಿತವಾಗಿರಬೇಕು.

ದೀಪಾವಳಿಯಿಂದ ಯುಗಾದಿಯವರೆಗೆ ಅಡಿಪಾಯದ ಕಾಲ. ವಾರಕ್ಕೆ ನಾಲ್ಕು ದಿನ ತುಳಿದರೆ ಸಾಕು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಹೋಗಿಬಂದರೆ ಸುಮಾರು 70 ಕಿ.ಮೀ. ಆಗುತ್ತದೆ. ಮೊದಲ ತಿಂಗಳಿನಲ್ಲಿ ಇದರ ಅರ್ಧ ದಾರಿ ಸಾಕು. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದು. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸಬೇಕು. ಹೊಸ ಅಭ್ಯಾಸವನ್ನು ಕಾಲುಕಾಲು ಪಾಲಾಗಿ ರೂಢಿಸಿಕೊಳ್ಳಬೇಕೆಂಬ ಚರಕಾಚಾರ್ಯರ ಕ್ರಮವೂ ಇದೇ. ಹೆದ್ದಾರಿಯಲ್ಲಿ ಲಾರಿಗಳ ಸಂಚಾರ ಹೆಚ್ಚು. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇಲ್ಲದೆ ಮನೆಯಿಂದ ಹೊರಡಕೂಡದು.

ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ನಮ್ಮ ಬಿಸಿಲು 40 ಡಿಗ್ರಿ ಮೀರುತ್ತದೆ. ಈ ಎರಡು ತಿಂಗಳಲ್ಲಿ ಬೆಳಗಿನ 5ರಿಂದ 7.30ರೊಳಗೆ ತಾಲೀಮು ಮುಗಿಸಬೇಕು. ದೂರವನ್ನು ಹೆಚ್ಚಿಸದೆ ಬೈಠಕ್, ಸೂರ್ಯನಮಸ್ಕಾರಗಳಿಂದ ತೊಡೆ, ಸೊಂಟ, ಬೆನ್ನುಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಇದನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ. ಬಿ.ಎ.ಎಂ.ಎಸ್. ಓದುತ್ತಿದ್ದ ಕಾಲದಲ್ಲಿ ಗೆಳೆಯರೊಡನೆ ಪಂಥ ಕಟ್ಟಿ ವೈಶಾಖದ ಮಧ್ಯಾಹ್ನ ಕಮಲಾಪುರಕ್ಕೆ ಸೈಕಲ್ ತುಳಿದಿದ್ದೆ. ಊರು ಕಾಣುವ ಮೊದಲೇ ಬೆವರು ನಿಂತು, ಮೈ ಸುಟ್ಟು, ಕಣ್ಣು ಕತ್ತಲೆಯಾಗಿ ಬೇವಿನ ಮರದ ಕೆಳಗೆ ಬಿದ್ದೆ. ಹೊಲದಲ್ಲಿದ್ದ ರೈತರೊಬ್ಬರು ಮೈಮೇಲೆ ನೀರು ಸುರಿದು, ಎಚ್ಚರವಾದ ಮೇಲೆ ಮಜ್ಜಿಗೆ ಕುಡಿಸಿದರು. ಅವರು ಅಂದು ಅಲ್ಲಿರದಿದ್ದರೆ ಇಂದು ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಬಿಸಿಲಿನಲ್ಲಿ ಮಾತು ತೊದಲಿದರೆ, ಗೊಂದಲವಾದರೆ ಅದು ಬರಿಯ ದಣಿವಲ್ಲ. ತಕ್ಷಣ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿಯುತ್ತ, ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮೃಗಶಿರಾ ಮಳೆಯಿಂದ ಶ್ರಾವಣದವರೆಗೆ ಏರಿನ ಅಭ್ಯಾಸ. ಕಮಲಾಪುರದ ಸುತ್ತಲಿನ ದಿನ್ನೆಗಳನ್ನು ಮತ್ತೆ ಮತ್ತೆ ಹತ್ತಿ ಇಳಿಯಬೇಕು. ಆದರೆ ಇವು ಚಿಕ್ಕವು. ಒಂದೆರಡು ಬಾರಿ ನಂದಿಬೆಟ್ಟಕ್ಕಾಗಲಿ, ಪಶ್ಚಿಮಘಟ್ಟದ ರಸ್ತೆಗಾಗಲಿ ಹೋಗಿ ದೀರ್ಘವಾದ ಏರು, ಇಳಿಜಾರು ಎರಡನ್ನೂ ಕಲಿಯುವುದು ಅವಶ್ಯ. ಭೂತಾನದ ಹಾದಿಯಲ್ಲಿ ಏರಿಗಿಂತ ಇಳಿತವೇ ತುಸು ಹೆಚ್ಚು, ಬಿದ್ದು ಗಾಯಗೊಳ್ಳುವ ಭಯವಿರುವುದೂ ಅಲ್ಲಿಯೇ. ಒಂದೇ ಸಮನೆ ಬ್ರೇಕ್ ಹಿಡಿದಿರದೆ, ತಿರುವಿಗೆ ಮುನ್ನವೇ ವೇಗ ಇಳಿಸುವುದನ್ನು ರೂಢಿಸಿಕೊಳ್ಳಬೇಕು. ದೀರ್ಘ ದೂರದ ಪರೀಕ್ಷೆಗೆ ನಮ್ಮ ದೇಶದಲ್ಲಿ 'ಬ್ರೆವೆ' ಎಂಬ ಸವಾರಿಗಳಿವೆ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷಗಳಲ್ಲಿ ಮುಗಿಸಬೇಕು. ಅದನ್ನು ಸುಖವಾಗಿ ಮುಗಿಸಲಾಗದವರು ಭೂತಾನದ ಯೋಚನೆಯನ್ನು ಒಂದು ವರ್ಷ ಮುಂದೂಡಲಿ. ಕೊನೆಯ ಎರಡು ವಾರ ತಾಲೀಮನ್ನು ಅರ್ಧಕ್ಕೆ ಇಳಿಸಬೇಕು.

ಶ್ರಾವಣದ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಅನೇಕರು ಶ್ರಾವಣ ಸೋಮವಾರ ಉಪವಾಸವಿರುತ್ತಾರೆ. ಉಪವಾಸದ ದಿನವನ್ನೇ ವಿಶ್ರಾಂತಿಯ ದಿನವನ್ನಾಗಿ ಇಟ್ಟುಕೊಳ್ಳಿರಿ. ರವಿವಾರ ದೂರ ತುಳಿದು ಸೋಮವಾರ ಬರಿ ಹೊಟ್ಟೆಯಲ್ಲಿದ್ದರೆ ಬಳಲಿದ ಸ್ನಾಯು ಚೇತರಿಸದು. ಆದ್ದರಿಂದ ಆ ತಿಂಗಳು ದೂರದ ಸವಾರಿಯನ್ನು ಶುಕ್ರವಾರಕ್ಕೋ ಶನಿವಾರಕ್ಕೋ ಬದಲಿಸುವುದು ಲೇಸು.

ಆಹಾರ, ನೀರು, ಔಷಧಿ

ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು, ಮೊಸರು, ಶೇಂಗಾ ಇವು ನಿತ್ಯದ ತಾಲೀಮಿಗೆ ಉತ್ತಮ ಆಹಾರ. ಆದರೆ ದೂರ ತುಳಿಯುವ ದಿನದ ಬೆಳಗ್ಗೆ ನಾರು ಹೆಚ್ಚಿರುವ ರೊಟ್ಟಿ ಹೊಟ್ಟೆಗೆ ಭಾರ. ಅಂದು ಅನ್ನ, ಅವಲಕ್ಕಿ, ರವೆಯ ಗಂಜಿ ಹಿತ. ಒಂದೂವರೆ ಗಂಟೆಗಿಂತ ಹೆಚ್ಚು ತುಳಿಯುವಾಗ ಪ್ರತಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆಯ ಅಂಶ ದೇಹಕ್ಕೆ ಬೇಕು. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ ಇದ್ದರೆ ಅದು ಒದಗುತ್ತದೆ. ಕಮಲಾಪುರದ ಕೆಂಪು ಬಾಳೆ ಇದ್ದೂರಿನಲ್ಲಿ ದುಬಾರಿ ಪುಡಿಗಳ ಹಂಗೇಕೆ? ಪ್ರಯಾಣಕ್ಕೆ ನಮ್ಮ ಶೇಂಗಾ ಹೋಳಿಗೆ ಕೆಡದೆ ಉಳಿಯುತ್ತದೆ. ಭೂತಾನದ ಊಟದಲ್ಲಿ ಮೆಣಸಿನಕಾಯಿ ಬಹಳ. ಅಲ್ಲಿಯ ಪ್ರಸಿದ್ಧ 'ಎಮಾದತ್ಶಿ' ಎಂಬುದು ಮೆಣಸಿನಕಾಯಿ, ಗಿಣ್ಣುಗಳ ಪಲ್ಯ. ಶಾಕಾಹಾರ ಸಿಗುತ್ತದೆ. ಆದರೂ ಸ್ಪರ್ಧೆಯ ಹಿಂದಿನ ರಾತ್ರಿ ಅದರ ರುಚಿ ನೋಡುವುದು ಬೇಡ.

ತುಳಿಯುವ ಮುನ್ನ, ನಂತರ ತೂಕ ನೋಡಿರಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಕಳೆದಿದೆ. ಬಾಯಾರಿಕೆಯನ್ನು ಮೀರಿ ಬರಿಯ ನೀರನ್ನೇ ಕುಡಿದರೂ ಅಪಾಯ. ರಕ್ತದ ಉಪ್ಪಿನಂಶ ತಗ್ಗಿ ಮೂರ್ಛೆ ಬರಬಹುದು. ಓ.ಆರ್.ಎಸ್. ಆಗಲಿ, ಉಪ್ಪು ಬೆರೆತ ಮಜ್ಜಿಗೆಯಾಗಲಿ ಜೊತೆಗಿರಲಿ. ರಕ್ತದೊತ್ತಡ ಇರುವವರು ಉಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಗುರುಗಳು ಕೇಳಿದ್ದ ಬಲವರ್ಧಕವನ್ನು ನಾನು ಕೊಡಲಿಲ್ಲ. ಹಸಿವು, ನಿದ್ರೆ, ಮಲಶುದ್ಧಿ ಚೆನ್ನಾಗಿರುವವರಿಗೆ ಅದರ ಅಗತ್ಯವಿಲ್ಲ. ಹೆಸರು, ವಿವರವಿಲ್ಲದ 'ಶಕ್ತಿಪುಡಿ'ಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವವುಂಟು. ವಾರಕ್ಕೆರಡು ಬಾರಿ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ಸೀಟಿನಿಂದ ಚರ್ಮ ಉಜ್ಜಿದರೆ ಶತಧೌತ ಘೃತ, ಇಷ್ಟು ಮಾತ್ರ ಹೇಳಿದೆ. ರಕ್ತದೊತ್ತಡಕ್ಕೆ ತಜ್ಞರು ಕೊಟ್ಟ ಗುಳಿಗೆಯನ್ನು ನಿಲ್ಲಿಸಕೂಡದೆಂದು ಎರಡೆರಡು ಬಾರಿ ಹೇಳಿದೆ.

ಎತ್ತರದ ವ್ಯಾಧಿ

ಎಷ್ಟೇ ತಾಲೀಮು ಮಾಡಿದರೂ ಕಲಬುರಗಿಯಲ್ಲಿ ಕಲಿಯಲಾಗದ ಒಂದು ಸಂಗತಿಯಿದೆ. ಅದು ತೆಳುವಾದ ಗಾಳಿ. ಸುಮಾರು 2,500 ಮೀಟರ್ ಮೇಲೆ ಕೆಲವರಿಗೆ ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು, ನಿದ್ರಾಭಂಗ ಕಾಣಿಸುತ್ತವೆ. ತರುಣನೆಂದಾಗಲಿ ಬಲಶಾಲಿಯೆಂದಾಗಲಿ ಇದು ಬಿಡುವುದಿಲ್ಲ. ಇದಕ್ಕೆ ಮುಖ್ಯ ಉಪಾಯ ಕಾಲಾವಕಾಶ. ಥಿಂಫು ಸುಮಾರು 2,300 ಮೀಟರ್, ಬುಮ್‌ತಾಂಗ್ ಸುಮಾರು 2,600 ಮೀಟರ್ ಎತ್ತರದಲ್ಲಿವೆ. ಸ್ಪರ್ಧೆಗೆ ಕನಿಷ್ಠ ಒಂದು ವಾರ ಮುಂಚೆ ತಲುಪಿ, ಮೊದಲೆರಡು ದಿನ ಬರಿ ನಡೆದಾಡಿ, ಹಂತಹಂತವಾಗಿ ಮೇಲೇರಬೇಕು. ರಜೆ ಸಿಗುವುದಿಲ್ಲವೆಂದು ಈ ವಾರವನ್ನು ಕಡಿತಗೊಳಿಸುವವರೇ ಹೆಚ್ಚು. ಅಂಥವರು ಹೋಗದಿರುವುದೇ ಕ್ಷೇಮ.

ಭಾರತೀಯರಿಗೆ ಭೂತಾನಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಪ್ರವೇಶ ಪರವಾನಿಗೆ ಪಡೆಯಬೇಕು. ಪ್ರವಾಸಿಗರು ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕವನ್ನೂ ಕೊಡಬೇಕಾಗುತ್ತದೆ. ಆ ಒಂದು ವಾರದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ. ವಿಮೆ ಮಾಡಿಸುವಾಗ ಪರ್ವತ ಪ್ರದೇಶ, ಸೈಕಲ್ ಸ್ಪರ್ಧೆ ಎರಡಕ್ಕೂ ಅನ್ವಯಿಸುವುದೇ ಎಂದು ಓದಿ ನೋಡಿರಿ.

ಹಿಂದಿರುಗುವ ಯೋಜನೆ

ಏರುವ ಯೋಜನೆಯನ್ನು ಎಲ್ಲರೂ ಮಾಡುತ್ತಾರೆ, ನಿಲ್ಲುವ ಯೋಜನೆಯನ್ನು ಮಾಡುವವರು ಕಡಿಮೆ. ದಣಿದ ಮನುಷ್ಯನ ಬುದ್ಧಿ ದಾರಿಯಲ್ಲಿ ಸರಿಯಾಗಿ ನಿರ್ಣಯಿಸಲಾರದು. ಆದ್ದರಿಂದ ಮನೆಯಲ್ಲಿರುವಾಗಲೇ ನಿರ್ಣಯವಾಗಬೇಕು. ಗುರುಗಳಿಗೆ ಒಂದು ಚೀಟಿ ಬರೆದುಕೊಟ್ಟೆ. ಎದೆನೋವು ಅಥವಾ ಎದೆ ಹಿಡಿದಂತಾಗುವುದು, ಕುಳಿತಾಗಲೂ ಏದುಸಿರು, ನಡೆಯುವಾಗ ತೂರಾಡುವುದು ಅಥವಾ ಮಾತಿನಲ್ಲಿ ಗೊಂದಲ, ಈ ಮೂರರಲ್ಲಿ ಒಂದು ಕಂಡರೂ ಸೈಕಲ್ ಬಿಟ್ಟು ವಾಹನವೇರಿ ತಗ್ಗಿನ ಊರಿಗೆ, ವೈದ್ಯರ ಬಳಿಗೆ ಹೋಗಬೇಕು. ಚೀಟಿಯ ಒಂದು ಪ್ರತಿ ಅವರ ಬಳಿ, ಇನ್ನೊಂದು ಅವರ ಪತ್ನಿಯ ಬಳಿ ಇದೆ. ಆ ತಾಯಿಯೂ ಜೊತೆಗೆ ಹೋಗಬೇಕೆಂಬುದು ನನ್ನ ಕೊನೆಯ ಷರತ್ತಾಗಿತ್ತು.

ಈಗ ಗುರುಗಳ ರಕ್ತದೊತ್ತಡ ಹತೋಟಿಯಲ್ಲಿದೆ. ಹೃದ್ರೋಗ ತಜ್ಞರು ಪರೀಕ್ಷಿಸಿ ಒಪ್ಪಿಗೆ ಕೊಟ್ಟಿದ್ದಾರೆ. ಕಳೆದ ವಾರ ಇಬ್ಬರೂ ಬಂದಿದ್ದರು. ಬೇಡವೆನ್ನಲು ಕೈಮುಗಿದಿದ್ದ ತಾಯಿಯೇ ಈ ಸಲ ನಿತ್ಯದ ನಾಡಿಯ ಲೆಕ್ಕ ಬರೆದ ವಹಿಯನ್ನು ನನ್ನ ಮುಂದಿಟ್ಟರು. "ಒಂದು ವ್ಯಾಳೆ ನಡುವೆ ನಿಲ್ಲಬೇಕಾದರೆ?" ಎಂದು ಕೇಳಿದೆ. ಗುರುಗಳು ನಕ್ಕು, "ಮನಿಗೆ ಬರ್ತೀವಿ, ಮುಂದಿನ ವರ್ಷ ನೋಡ್ತೀವಿ" ಎಂದರು. ಹೋದ ವರ್ಷ ಇದೇ ಮಾತನ್ನು ನಾನು ಹೇಳಿದಾಗ ಅವರಿಗೆ ರುಚಿಸಿರಲಿಲ್ಲ. ಅವರ ತಾಲೀಮು ಪೂರ್ಣವಾಯಿತೆಂದು ನನಗೆ ಅನ್ನಿಸಿದ್ದು ಈ ಉತ್ತರವನ್ನು ಕೇಳಿದಾಗ.

40 ವರ್ಷ ದಾಟಿದ ಯಾರೇ ಆಗಲಿ, ಸೈಕಲ್ ಇರಲಿ, ಪಾದಯಾತ್ರೆ ಇರಲಿ, ಹೊರಡುವ ಮುನ್ನ ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ ಮಾಡಿಸಿಕೊಳ್ಳಿರಿ. ತೊಂದರೆ ಕಂಡರೆ ಒಂದು ವರ್ಷ ತಾಳಿರಿ. ಪರ್ವತ ಎಲ್ಲಿಗೂ ಹೋಗುವುದಿಲ್ಲ.